ಮಿಕ್ಕಿ ಜೊತೆ ತಿಂಡಿ: ದುಡ್ಡು ಯಾವುದಕ್ಕೆ ಹೋಗುತ್ತದೆ?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ನಯಾಗರಾ ಜಲಪಾತದ ಜೊತೆಗೆ ಈಗ ಒರ್ಲ್ಯಾಂಡೊ ಕೂಡ ಸೇರಿಕೊಂಡಿದೆ. ಫ್ಲೋರಿಡಾದ ಈ ಊರಿನ ಪಕ್ಕದಲ್ಲಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇಂದು ನಾಲ್ಕು ದೊಡ್ಡ ಪಾರ್ಕುಗಳಿವೆ. ವಿಮಾನ, ಹೋಟೆಲು, ಪಾರ್ಕಿನ ಟಿಕೆಟ್ ಎಲ್ಲ ಬುಕ್ ಆದ ಮೇಲೆ ಮನೆಯಲ್ಲಿ ಏಳುವ ಕೊನೆಯ ಚರ್ಚೆ ‘ಕ್ಯಾರೆಕ್ಟರ್ ಡೈನಿಂಗ್’ ಬೇಕೋ ಬೇಡವೋ ಎಂಬುದು. ನಾವು ಕೂತು ತಿನ್ನುತ್ತಿರುವಾಗ ಮಿಕ್ಕಿ, ಗೂಫಿ, ಸಿಂಡರೆಲಾ ವೇಷದವರು ಮೇಜಿಂದ ಮೇಜಿಗೆ ಬಂದು ಮಕ್ಕಳನ್ನು ನಗಿಸಿ, ಅಪ್ಪಿಕೊಂಡು, ಫೋಟೊಗೆ ನಿಲ್ಲುವ ಊಟ ಇದು. ಒಬ್ಬರು ಇದನ್ನು ಹಗಲುದರೋಡೆ ಎನ್ನುತ್ತಾರೆ. ಇನ್ನೊಬ್ಬರು, ಅಷ್ಟು ದೂರ ಹೋಗಿ ಇದನ್ನು ಬಿಟ್ಟು ಬಂದರೆ ಹೋದದ್ದೇ ದಂಡ ಎನ್ನುತ್ತಾರೆ. ಎರಡು ಕಡೆಯವರ ಮಾತಿನಲ್ಲೂ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ತಪ್ಪು ಕಲ್ಪನೆ: ಇಷ್ಟೊಂದು ದುಡ್ಡು ಕೊಡುತ್ತೇವಲ್ಲ, ಊಟವೂ ಅಷ್ಟೇ ಭರ್ಜರಿಯಾಗಿರುತ್ತದೆ.

ವಾಸ್ತವ: ಹೆಚ್ಚಿನ ಕಡೆ ಊಟ ಸಾಧಾರಣ. ಬೆಳಗಿನ ತಿಂಡಿ ಎಂದರೆ ಒಳ್ಳೆಯ ಹೋಟೆಲಿನ ಬಫೆಯಲ್ಲಿ ಸಿಗುವಂಥದ್ದೇ: ಮೊಟ್ಟೆ, ಆಲೂಗಡ್ಡೆ, ಬ್ರೆಡ್ಡು, ಹಣ್ಣು, ಮಿಕ್ಕಿ ಮುಖದ ಆಕಾರದ ವಾಫಲ್. ಆ ವಾಫಲ್ ಡಿಸ್ನಿಯ ಬೇರೆ ಸಾದಾ ಕ್ಯಾಂಟೀನುಗಳಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಾದರೆ ಮಿಕ್ಕ ದುಡ್ಡು ಯಾವುದಕ್ಕೆ? ಕ್ಯೂ ತಪ್ಪಿಸುವುದಕ್ಕೆ. ಪಾರ್ಕಿನೊಳಗೆ ಒಂದೊಂದು ಪಾತ್ರವನ್ನು ಕಾಣಲೂ ಬೇರೆ ಬೇರೆ ಕಡೆ ಸಾಲಿನಲ್ಲಿ ನಿಲ್ಲಬೇಕು. ಇಲ್ಲಿ ನೀವು ಕೂತಿರುತ್ತೀರಿ, ಸರದಿಯಲ್ಲಿ ಬರುವವನು ಮಿಕ್ಕಿ.

ಲೆಕ್ಕ ಹಾಕಿ ನೋಡಿ. ಒಂದು ದಿನದ ಪಾರ್ಕ್ ಟಿಕೆಟ್ ತಲೆಗೆ 100 ಡಾಲರಿಗೂ ಮೇಲೆ. ಪಾರ್ಕಿನಲ್ಲಿ ಹತ್ತು ಗಂಟೆ ಇರುತ್ತೀರಿ ಎಂದಿಟ್ಟುಕೊಂಡರೆ, ನಾಲ್ಕು ಜನರ ಸಂಸಾರಕ್ಕೆ ಗಂಟೆಗೆ 40 ಡಾಲರ್ ಬೀಳುತ್ತದೆ. ನಾಲ್ಕು ಪಾತ್ರಗಳಿಗೆ ಅರ್ಧರ್ಧ ಗಂಟೆ ನಿಂತರೆ ಎರಡು ಗಂಟೆ, ಅಂದರೆ 80 ಡಾಲರಿನ ಟಿಕೆಟ್ ಸಮಯ ಕ್ಯೂನಲ್ಲೇ ಹೋಯಿತು. ಈ ಊಟವನ್ನು ಬರೀ ರುಚಿಯಲ್ಲಿ ಅಳೆದರೆ ಯಾವತ್ತೂ ನಷ್ಟವೇ. ಸಮಯವನ್ನೂ ಸೇರಿಸಿ ಅಳೆದರೆ ಕೆಲವರಿಗೆ ಗಿಟ್ಟುತ್ತದೆ, ಎಲ್ಲರಿಗೂ ಅಲ್ಲ.

ತಪ್ಪು ಕಲ್ಪನೆ: ಮೆನುವಿನಲ್ಲಿ ಕಾಣುವ ದರವೇ ಒಟ್ಟು ಖರ್ಚು.

ವಾಸ್ತವ: ಆ ದರದಲ್ಲಿ ತೆರಿಗೆಯೂ ಇಲ್ಲ, ಟಿಪ್ಸೂ ಇಲ್ಲ. ಡಿಸ್ನಿ ವರ್ಲ್ಡ್ ಇರುವ ಆರೆಂಜ್ ಕೌಂಟಿಯಲ್ಲಿ ಮಾರಾಟ ತೆರಿಗೆ ಶೇ. 6.5. ಟಿಪ್ಸ್ ಶೇ. 18ರಿಂದ 20 ಕೊಡುವುದು ರೂಢಿ. ಆರು ಅಥವಾ ಹೆಚ್ಚು ಜನ ಒಟ್ಟಿಗೆ ಕೂತರೆ ಶೇ. 18 ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ಇನ್ನು ವಯಸ್ಸಿನ ವಿಚಾರ. ಮೂರು ತುಂಬದ ಮಗುವಿಗೆ ದುಡ್ಡಿಲ್ಲ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ಹತ್ತು ತುಂಬಿತೋ, ದೊಡ್ಡವರ ದರ. ಹನ್ನೆರಡರವರೆಗೂ ಅರ್ಧ ಟಿಕೆಟ್ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದರ ಹೋಟೆಲಿಂದ ಹೋಟೆಲಿಗೆ, ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಉದಾಹರಣೆಗೆ ದೊಡ್ಡವರಿಗೆ 60, ಮಕ್ಕಳಿಗೆ 40 ಡಾಲರ್ ಎಂದುಕೊಳ್ಳೋಣ. ಅಪ್ಪ, ಅಮ್ಮ, ಹತ್ತು ವರ್ಷದ ಮಗ, ಆರು ವರ್ಷದ ಮಗಳು ಹೋದರೆ ಊಟದ ಬಾಬ್ತು 220 ಡಾಲರ್. ತೆರಿಗೆ 14.30, ಟಿಪ್ಸ್ 39.60 ಸೇರಿ 273.90. ಡಾಲರಿಗೆ 85 ರೂಪಾಯಿ ಹಿಡಿದರೂ 23 ಸಾವಿರ ರೂಪಾಯಿ ದಾಟಿತು. ಜೊತೆಗೆ ಅಜ್ಜ, ಅಜ್ಜಿಯೂ ಬಂದರೆ ಮೊತ್ತ 423.30 ಡಾಲರಿಗೆ ಏರುತ್ತದೆ, ಅಂದರೆ ಸುಮಾರು 36 ಸಾವಿರ ರೂಪಾಯಿ. ನಮ್ಮ ಕುಟುಂಬಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಇದು ತಲೆಗಿಷ್ಟು ಎಂಬ ದರದ ಊಟ, ತಿಂದದ್ದಕ್ಕೆ ತಕ್ಕಷ್ಟು ಬಿಲ್ಲಲ್ಲ. ಅಜ್ಜಿಗೆ ಅವತ್ತು ಸಂಕಷ್ಟಿ, ಒಂದು ಲೋಟ ಕಾಫಿ, ನಾಲ್ಕು ಹೋಳು ಹಣ್ಣು ಸಾಕು ಎಂದರೂ ಬಿಲ್ಲಿನ ಪ್ರಕಾರ ಅಜ್ಜಿ ಪೂರ್ತಿ ಊಟ ಮಾಡಿದವರೇ.

ದಾರಿ ಇಲ್ಲವೆಂದಲ್ಲ. ಎಲ್ಲರೂ ಕೂಡಿಯೇ ಹೋಗಬೇಕೆಂಬ ನಿಯಮ ಏನೂ ಇಲ್ಲ. ಮಕ್ಕಳ ಜೊತೆ ಅಮ್ಮನೋ ಅಪ್ಪನೋ ಒಬ್ಬರು ಹೋಗಿ, ಉಳಿದವರು ಬೇರೆ ಕಡೆ ತಿಂಡಿ ಮುಗಿಸಿಕೊಂಡರೆ ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ ರಾತ್ರಿಯೂಟಕ್ಕಿಂತ ತಿಂಡಿ ಅಗ್ಗ. ತಿಂಡಿಯ ಕೊನೆಯ ಪಾಳಿ ಹಿಡಿದರೆ ಮಧ್ಯಾಹ್ನದ ಊಟದ ಖರ್ಚೂ ಉಳಿಯುತ್ತದೆ.

ತಪ್ಪು ಕಲ್ಪನೆ: ಮಿಕ್ಕಿಯನ್ನು ಹತ್ತಿರದಿಂದ ಕಾಣಲು ಇದೊಂದೇ ದಾರಿ.

ವಾಸ್ತವ: ಅಲ್ಲ. ಪಾರ್ಕ್ ಟಿಕೆಟ್ ಇದ್ದವರು ಮತ್ತೆ ಒಂದು ಡಾಲರ್ ಕೊಡದೆ ಪಾತ್ರಗಳನ್ನು ಭೇಟಿಯಾಗಬಹುದು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಹೆಬ್ಬಾಗಿಲು ದಾಟಿದ ಕೂಡಲೇ ಸಿಗುವ ಟೌನ್ ಸ್ಕ್ವೇರ್ ಥಿಯೇಟರಿನಲ್ಲಿ ಮಿಕ್ಕಿ ಸಿಗುತ್ತಾನೆ. ಅದೇ ಪಾರ್ಕಿನ ಪ್ರಿನ್ಸೆಸ್ ಫೇರಿಟೇಲ್ ಹಾಲ್‌ನಲ್ಲಿ ರಾಜಕುಮಾರಿಯರು ಸಿಗುತ್ತಾರೆ. ಎಪ್ಕಾಟ್ ಪಾರ್ಕಿನಲ್ಲಿ ದೇಶಕ್ಕೊಂದರಂತೆ ಮಂಟಪಗಳಿದ್ದು, ಚೀನಾದಲ್ಲಿ ಮುಲಾನ್, ಫ್ರಾನ್ಸ್‌ನಲ್ಲಿ ಬೆಲ್ ಹೀಗೆ ಅವರವರ ಊರಲ್ಲೇ ಮಾತಿಗೆ ಸಿಗುತ್ತಾರೆ. ಮಗುವಿಗೆ ಬೇಕಾಗಿರುವುದು ಒಬ್ಬ ಮಿಕ್ಕಿ ಮಾತ್ರ ಎಂದಾದರೆ ಪಾರ್ಕು ತೆರೆದ ಹೊತ್ತಿಗೇ ಹೋಗಿ ಒಂದು ಕ್ಯೂನಲ್ಲಿ ನಿಂತರೆ ಮುಗಿಯಿತು. ನಾಲ್ಕೈದು ಪಾತ್ರಗಳನ್ನೂ ನೋಡಲೇಬೇಕು ಎಂದು ಹಟ ಹಿಡಿಯುವ ಮಕ್ಕಳಿದ್ದಾಗ ಮಾತ್ರ ಊಟದ ಲೆಕ್ಕ ಕೂಡಿಬರುತ್ತದೆ.

ತಪ್ಪು ಕಲ್ಪನೆ: ಪಾರ್ಕ್ ಟಿಕೆಟ್ ಇಲ್ಲದೆ ಈ ಊಟ ಸಿಗುವುದಿಲ್ಲ.

ವಾಸ್ತವ: ಪಾರ್ಕಿನೊಳಗಿನ ಹೋಟೆಲುಗಳಿಗೆ ಟಿಕೆಟ್ ಬೇಕು, ಡಿಸ್ನಿಯ ವಸತಿ ಹೋಟೆಲುಗಳಲ್ಲಿ ನಡೆಯುವ ಊಟಕ್ಕೆ ಬೇಡ. ಕಾಂಟೆಂಪರರಿ ಹೋಟೆಲಿನ ಶೆಫ್ ಮಿಕ್ಕೀಸ್, ರಿವಿಯೆರಾ ಹೋಟೆಲಿನ ಟೊಪೊಲಿನೋಸ್ ಟೆರೇಸ್, ಪಾಲಿನೇಷಿಯನ್ ಹೋಟೆಲಿನ ಒಹಾನಾ ಈ ಬಗೆಯವು. ಒರ್ಲ್ಯಾಂಡೊಗೆ ಬಂದಿಳಿದ ದಿನವೋ ನಡುವೆ ಸುಧಾರಿಸಿಕೊಳ್ಳುವ ದಿನವೋ ಇಂಥ ಕಡೆ ಹೋದರೆ, ದುಬಾರಿ ಟಿಕೆಟಿನ ದಿನದಲ್ಲಿ ಒಂದೂವರೆ ಗಂಟೆ ಊಟದ ಮೇಜಿನಲ್ಲಿ ಕಳೆಯುವುದು ತಪ್ಪುತ್ತದೆ.

ತಪ್ಪು ಕಲ್ಪನೆ: ಯಾವ ಹೋಟೆಲಾದರೇನು, ಎಲ್ಲ ಕಡೆ ಎಲ್ಲ ಪಾತ್ರಗಳೂ ಬರುತ್ತವೆ.

ವಾಸ್ತವ: ಮಕ್ಕಳು ಅಳುವುದಕ್ಕೆ ಕಾರಣವಾಗುವುದು ಬಹುತೇಕ ಈ ತಪ್ಪೇ. ಒಂದೊಂದು ಹೋಟೆಲಿಗೂ ಇಂತಿಂಥ ಪಾತ್ರಗಳೆಂದು ಗೊತ್ತುಮಾಡಲಾಗಿದೆ. ಮ್ಯಾಜಿಕ್ ಕಿಂಗ್‌ಡಮ್‌ನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸಿಗುವುದು ವಿನ್ನಿ ದ ಪೂಹ್ ಮತ್ತು ಅವನ ಗೆಳೆಯರು, ಅಲ್ಲಿ ಮಿಕ್ಕಿಯನ್ನು ಹುಡುಕಿ ಪ್ರಯೋಜನವಿಲ್ಲ. ಎಪ್ಕಾಟ್‌ನ ಗಾರ್ಡನ್ ಗ್ರಿಲ್‌ನಲ್ಲಿ ಚಿಪ್ ಮತ್ತು ಡೇಲ್ ಎಂಬ ಅಳಿಲುಗಳ ಕಾರುಬಾರು. ಆ ಹೋಟೆಲು ಕೂತವರನ್ನು ಹೊತ್ತುಕೊಂಡೇ ನಿಧಾನವಾಗಿ ಸುತ್ತುತ್ತದೆ, ಅದೇ ಕಟ್ಟಡದ ಹಸಿರುಮನೆಯಲ್ಲಿ ಬೆಳೆದ ತರಕಾರಿ ಅಲ್ಲಿನ ಊಟಕ್ಕೂ ಬರುತ್ತದೆ. ಟೊಪೊಲಿನೋಸ್ ಟೆರೇಸ್‌ನಲ್ಲಿ ಮಿಕ್ಕಿ ಚಿತ್ರಕಾರನ ವೇಷದಲ್ಲೂ ಡೊನಾಲ್ಡ್ ಶಿಲ್ಪಿಯ ವೇಷದಲ್ಲೂ ಬರುತ್ತಾರೆ.

ಹೆಚ್ಚು ಜನ ಎಡವುವುದು ಎಪ್ಕಾಟ್‌ನ ನಾರ್ವೆ ಮಂಟಪದಲ್ಲಿ. ‘ಫ್ರೋಜನ್’ ಚಿತ್ರದ ಸೀಮೆ ಅದೇ ತಾನೇ, ಅಲ್ಲಿನ ಅಕರ್ಸ್‌ಹಸ್ ಹೋಟೆಲಿನ ರಾಜಕುಮಾರಿಯರ ಊಟಕ್ಕೆ ಎಲ್ಸಾ ಬಾರದೆ ಇರುತ್ತಾಳೆಯೇ ಎಂದುಕೊಂಡು ನೀಲಿ ಲಂಗ ತೊಡಿಸಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಎಲ್ಸಾ ಅಲ್ಲಿಗೆ ಬರುವುದಿಲ್ಲ. ಅವಳನ್ನೂ ಆನಾಳನ್ನೂ ಕಾಣಲು ಅದೇ ಮಂಟಪದ ರಾಯಲ್ ಸೊಮ್ಮರ್‌ಹುಸ್ ಎಂಬ ಮನೆಗೆ ಹೋಗಬೇಕು, ಅದಕ್ಕೆ ಊಟದ ದುಡ್ಡೇ ಬೇಕಿಲ್ಲ. ಹೊತ್ತಿನ ತಕರಾರೂ ಇದೆ. ಟೊಪೊಲಿನೋಸ್ ಟೆರೇಸ್ ಮತ್ತು ಒಹಾನಾದಲ್ಲಿ ಪಾತ್ರಗಳು ಬರುವುದು ಬೆಳಗಿನ ತಿಂಡಿಗೆ ಮಾತ್ರ. ರಾತ್ರಿ ಅದೇ ಹೋಟೆಲು, ಒಳ್ಳೆಯ ಊಟ, ಆದರೆ ಮಿಕ್ಕಿ ಇಲ್ಲ. ಬುಕ್ ಮಾಡುವ ಮುನ್ನ ‘ಯಾರು ಬರುತ್ತಾರೆ, ಯಾವ ಹೊತ್ತಿಗೆ’ ಎಂಬ ಎರಡೂ ಪ್ರಶ್ನೆ ಕೇಳಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ಮಗು ಚಿಕ್ಕದಿದ್ದಷ್ಟೂ ಖುಷಿ ಹೆಚ್ಚು.

ವಾಸ್ತವ: ಮಂಗಳೂರಿನ ನವರಾತ್ರಿಯಲ್ಲಿ ಹುಲಿವೇಷ ನೋಡಬೇಕೆಂದು ಕುಣಿಯುತ್ತಿದ್ದ ಮಗು, ತಾಸೆಯ ಸದ್ದಿನ ಜೊತೆ ಹುಲಿ ಎದುರಿಗೆ ಬಂದ ಕೂಡಲೇ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸುವುದಿಲ್ಲವೇ? ಇಲ್ಲಿಯೂ ಹಾಗೇ. ಟಿವಿಯಲ್ಲಿ ಅಂಗೈಯಗಲ ಕಾಣುತ್ತಿದ್ದ ಮಿಕ್ಕಿ ದೊಡ್ಡ ತಲೆ, ಅಲುಗದ ನಗು ಹೊತ್ತುಕೊಂಡು ಆಳೆತ್ತರದಲ್ಲಿ ನಿಂತಾಗ ಎರಡು ಮೂರು ವರ್ಷದ ಮಕ್ಕಳು ಕಿರುಚಿ ಅಳುವುದು ಸಾಮಾನ್ಯ. ಶೆಫ್ ಮಿಕ್ಕೀಸ್‌ನಂಥ ಕಡೆ ಸದ್ದೂ ಜೋರು. ತಲೆಯ ಮೇಲೆ ಮೋನೊರೈಲು ಹಾದುಹೋಗುತ್ತಿರುತ್ತದೆ, ನಡುನಡುವೆ ಹಾಡು ಹಾಕಿ ಎಲ್ಲರೂ ಕೈಯಲ್ಲಿದ್ದ ನ್ಯಾಪ್ಕಿನ್ ಗಿರಗಿರನೆ ತಿರುಗಿಸುತ್ತಾರೆ. ಐದು ವರ್ಷದ ಹುಡುಗ ಕುರ್ಚಿಯ ಮೇಲೆ ನಿಂತು ಕುಣಿದರೆ, ಪಕ್ಕದಲ್ಲಿ ಎರಡು ವರ್ಷದ ತಂಗಿ ಕಿವಿ ಮುಚ್ಚಿಕೊಂಡಿರುತ್ತಾಳೆ.

ವೇಷದವರು ಇದರಲ್ಲಿ ಪಳಗಿದವರು. ಹೆದರಿದ ಮಗುವಿನ ಹತ್ತಿರ ನುಗ್ಗುವುದಿಲ್ಲ, ದೂರದಲ್ಲೇ ಕೈಬೀಸಿ ಕಾಯುತ್ತಾರೆ. ಅಪ್ಪನೋ ಅಜ್ಜನೋ ಮೊದಲು ಎದ್ದು ಕೈಕುಲುಕಿದರೆ ಅರ್ಧ ಹೆದರಿಕೆ ಕಳೆಯುತ್ತದೆ. ಊರಿಂದ ಹೋದ, ಕನ್ನಡ ಬಿಟ್ಟು ಬೇರೆ ಬಾರದ ಮಗುವಿಗೆ ರಾಜಕುಮಾರಿಯರಿಗಿಂತ ಮಿಕ್ಕಿ ಬಳಗವೇ ವಾಸಿ. ರಾಜಕುಮಾರಿಯರು ಇಂಗ್ಲಿಷಿನಲ್ಲಿ ಹರಟುತ್ತಾರೆ. ಮುಖ ಮುಚ್ಚುವ ವೇಷದ ಪಾತ್ರಗಳು ಬಾಯೇ ಬಿಡುವುದಿಲ್ಲ, ಎಲ್ಲ ಕೈಸನ್ನೆ, ಅಭಿನಯ. ಅವರ ಹಸ್ತಾಕ್ಷರ ಬೇಕಿದ್ದರೆ ದಪ್ಪನೆಯ ಪೆನ್ನು ಒಯ್ಯಿರಿ. ಆ ದೊಡ್ಡ ಕೈಗವಸಿನ ಬೆರಳಿಗೆ ಬಾಲ್ ಪೆನ್ನು ಸಿಕ್ಕುವುದಿಲ್ಲ.

ತಪ್ಪು ಕಲ್ಪನೆ: ಸಸ್ಯಾಹಾರಿಗಳಿಗೆ ಅಲ್ಲಿ ಬರೀ ಹಣ್ಣು, ಬ್ರೆಡ್ಡು.

ವಾಸ್ತವ: ಹೇಳಿದರೆ ಮಾಡಿಕೊಡುತ್ತಾರೆ. ಬುಕ್ ಮಾಡುವಾಗಲೇ ತಿಳಿಸಿ, ಕೂತ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳಿದರೆ, ಬೇಕಾದಾಗ ಅಡುಗೆಯವರೇ ಬಂದು ಮಾತಾಡುವುದೂ ಉಂಟು. ಡಿಸ್ನಿಯ ಮೆನುಗಳಲ್ಲಿ ಎಲೆಯ ಗುರುತು ಇದ್ದರೆ ಅದರಲ್ಲಿ ಮಾಂಸವೂ ಇಲ್ಲ, ಮೊಟ್ಟೆ, ಹಾಲು, ಜೇನೂ ಇಲ್ಲ. ಎಚ್ಚರ ಬೇಕಿರುವುದು ಬೇರೆ ಕಡೆ: ಅಮೆರಿಕದವರ ‘ವೆಜಿಟೇರಿಯನ್’ನಲ್ಲಿ ಮೊಟ್ಟೆ ಸೇರಿದೆ, ವಾಫಲ್ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ಬೇಡದವರು ಅದನ್ನು ಬೇರೆಯಾಗಿಯೇ ಹೇಳಬೇಕು.

ಆದರೂ ಬಫೆಯ ಮುಕ್ಕಾಲು ಭಾಗ ಮುಟ್ಟದವರು ಪೂರ್ತಿ ದರ ಕೊಡುತ್ತಾರೆ ಎಂಬುದು ನಿಜ. ನಾಲಿಗೆಗೆ ಹಿಡಿಸುವ ಊಟವೇ ಬೇಕೆಂದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹೋಟೆಲಿಗೆ ಹೋಗಿ. ನಾನ್‌ನಂಥ ರೊಟ್ಟಿಗಳ ಜೊತೆ ಬಗೆಬಗೆಯ ಚಟ್ನಿ, ರಾಯತ, ಉಪ್ಪಿನಕಾಯಿ ಬರುತ್ತವೆ. ಅಲ್ಲಿ ವೇಷದವರಿಲ್ಲ, ಆದರೆ ಕಿಟಕಿಯಾಚೆಯ ಬಯಲಿನಲ್ಲಿ ಜೀಬ್ರಾ, ಜಿರಾಫೆ ಮೇಯುವುದು ಕಾಣುತ್ತದೆ. ಮನೆಯಲ್ಲಿ ಮಾಡಿದ ಚಪಾತಿ, ಚಿತ್ರಾನ್ನವನ್ನು ಪಾರ್ಕಿನೊಳಗೆ ಒಯ್ಯಲೂ ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಬೇಡ.

ತಪ್ಪು ಕಲ್ಪನೆ: ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು.

ವಾಸ್ತವ: ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗೇ ಇರುವ ಸಿಂಡರೆಲಾಸ್ ರಾಯಲ್ ಟೇಬಲ್‌ನಂಥ ಜಾಗಗಳು ಬೇಗ ತುಂಬುತ್ತವೆ. ತಪ್ಪಿಹೋದರೆ ನಿರಾಸೆ ಬೇಡ, ಪ್ರವಾಸದ ದಿನ ಹತ್ತಿರ ಬಂದಂತೆ ಜನ ರದ್ದು ಮಾಡುವುದರಿಂದ ಜಾಗ ಮತ್ತೆ ಸಿಗುತ್ತದೆ. ನೀವೂ ಬೇಡವಾದಾಗ ರದ್ದು ಮಾಡಲು ಮರೆಯಬೇಡಿ, ಹೇಳದೆ ತಪ್ಪಿಸಿಕೊಂಡರೆ ತಲೆಗೆ 10 ಡಾಲರ್ ದಂಡ ಬೀಳುವುದು ಸಾಮಾನ್ಯ.

ಹಾಗಾದರೆ ದುಡ್ಡಿಗೆ ಮೋಸವಿಲ್ಲವೇ?

ನಾಲ್ಕರಿಂದ ಒಂಬತ್ತರ ನಡುವಿನ, ಪಾತ್ರಗಳ ಹೆಸರು ಹಿಡಿದು ಕೇಳುವ ಮಗು ಇದ್ದರೆ ಒಂದು ಸಲ ಹೋಗಬಹುದು. ಬೆಳಗಿನ ತಿಂಡಿ, ವಸತಿ ಹೋಟೆಲು, ಪಾರ್ಕ್ ಟಿಕೆಟ್ ಇಲ್ಲದ ದಿನ, ಆ ಮಗುವಿಗೆ ಬೇಕಾದ ಪಾತ್ರವೇ ಬರುವ ಜಾಗ: ಇಷ್ಟೂ ಕೂಡಿದರೆ ಕೊಟ್ಟ ದುಡ್ಡು ಸಾರ್ಥಕ. ಮಕ್ಕಳು ಎರಡು ದಾಟಿಲ್ಲದಿದ್ದರೆ, ಹತ್ತು ದಾಟಿ ರೈಡುಗಳ ಹುಚ್ಚು ಹತ್ತಿದ್ದರೆ, ಅಥವಾ ಮನೆಮಂದಿಯೆಲ್ಲ ಸೇರಿ ಏಳೆಂಟು ಜನ ಹೊರಟಿದ್ದರೆ ಬಿಟ್ಟುಬಿಡುವುದೇ ಲೇಸು. ಬೆಂಗಳೂರಿನಿಂದ ಹಾಂಗ್‌ಕಾಂಗ್‌, ಟೋಕಿಯೋ ಡಿಸ್ನಿಗಳಿಗೆ ಹೋಗುವವರಿಗೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿನ ಡಿಸ್ನಿ ಹೋಟೆಲುಗಳಲ್ಲೂ ಇಂಥ ಊಟಗಳಿವೆ, ಟೋಕಿಯೋದಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲದಿರುವುದು ಒಂದು ಉಳಿತಾಯ. ಒಂದೇ ಪ್ರವಾಸದಲ್ಲಿ ಎರಡನೆಯ ಊಟ ಬುಕ್ ಮಾಡುವ ಮನಸ್ಸಾದರೆ ತಡೆಯಿರಿ. ಎರಡನೆಯ ಸಲ ಮಿಕ್ಕಿ ಬಂದಾಗ ಮಗು ವಾಫಲ್ ಕಡೆಗೇ ನೋಡುತ್ತಿರಬಹುದು. ಆ 23 ಸಾವಿರ ಇನ್ನೊಂದು ದಿನದ ಪಾರ್ಕ್ ಟಿಕೆಟಿನ ಒಂದು ಪಾಲಿಗೋ, ವಾಪಸು ಬರುವಾಗಿನ ಟ್ಯಾಕ್ಸಿಗೋ ಆಗುತ್ತದೆ.