ಬಾಗಿಲು ತಟ್ಟಿದವರ ಕೈಯಲ್ಲಿ ಯಾವ ಕಾನೂನಿದೆ?

'ಬ್ರಿಟಿಷರ ಕಾಲದ ಕಾನೂನು ಸ್ವಾಮಿ, ಅಧಿಕಾರಿ ಮನಸ್ಸು ಮಾಡಿದರೆ ಯಾರ ಮನೆಗೆ ಬೇಕಾದರೂ ನುಗ್ಗಬಹುದು.' ಓದು ಬಲ್ಲವರೂ ಹೀಗೇ ಹೇಳುತ್ತಾರೆ. ಈ ಮಾತಿನಲ್ಲಿ ಒಂದಿಷ್ಟು ಇತಿಹಾಸವಿದೆ, ಉಳಿದದ್ದೆಲ್ಲ ಭಯ.

ತಪ್ಪು ಕಲ್ಪನೆ: ಮನೆ ಹೊಕ್ಕು ಹುಡುಕಿ ಎಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ ಹೇಳಿತ್ತು.

ಸತ್ಯ: ಆ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ಮನೆ ಶೋಧದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅಗತ್ಯ ಕಂಡಂತೆ ಸರ್ಕಾರ ತಾತ್ಕಾಲಿಕ ನಿಯಮ ಮಾಡಬಹುದು ಎಂದಿತ್ತು, ಅಷ್ಟೇ ಸಾಕಾಯಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೈಕೆಳಗಿನ ಸೈನಿಕರು ಅಡುಗೆಮನೆ, ದೇವರಮನೆ ಎನ್ನದೆ ಹೊಕ್ಕರು. ಜನರ ಸಿಟ್ಟು ಎಷ್ಟಿತ್ತೆಂದರೆ ಅದೇ ವರ್ಷ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡಿಕ್ಕಿದರು. ನನ್ನನ್ನು ಹೆಚ್ಚು ಕಾಡುವುದು ನಾಲ್ಕನೆಯ ಸೆಕ್ಷನ್: ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಹೂಡುವಂತಿಲ್ಲ. ಅಧಿಕಾರಕ್ಕೆ ಮಿತಿ ಬರೆಯುವ ಮೊದಲೇ ರಕ್ಷಣೆ ಬರೆದಿಟ್ಟಿದ್ದರು.

ತಪ್ಪು ಕಲ್ಪನೆ: ರೌಡಿ ಶೀಟ್ ತೆರೆದರೆ ಪೊಲೀಸರು ನಡುರಾತ್ರಿಯೂ ಮನೆಗೆ ಬರಬಹುದು.

ಸತ್ಯ: ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರ ದರೋಡೆ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಆದರೂ ಅವನ ಹೆಸರಲ್ಲಿ ಶೀಟ್ ತೆರೆಯಿತು. ರಾತ್ರಿ ಪೇದೆಗಳು ಬಂದು ಬಾಗಿಲು ಬಡಿದು, ಕೂಗಿ, ನಿದ್ದೆಯಿಂದ ಎಬ್ಬಿಸುತ್ತಿದ್ದರು. ಆತ ಸುಪ್ರೀಂ ಕೋರ್ಟಿಗೆ ಹೋದ. ಪೊಲೀಸರು ತೋರಿಸಿದ 236ನೇ ನಿಯಮ ಕಾನೂನೇ ಅಲ್ಲ, ಇಲಾಖೆ ತನ್ನವರಿಗೆ ಕೊಟ್ಟುಕೊಂಡ ಸೂಚನೆ ಎಂಬುದು ಅಲ್ಲಿ ಬಯಲಾಯಿತು. ರಾತ್ರಿ ಭೇಟಿಯ ಆ ಭಾಗವನ್ನು 1962ರಲ್ಲಿ ಕೋರ್ಟ್ ಹೊಡೆದುಹಾಕಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. ಆ ತಪ್ಪು ಸರಿಹೋದದ್ದು 2017ರಲ್ಲಿ. ಅದಕ್ಕೆ ಕಾರಣವಾದ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ತಪ್ಪು ಕಲ್ಪನೆ: ವಾರಂಟ್ ಇಲ್ಲದೆ ಯಾರೂ ಹೊಸ್ತಿಲು ದಾಟುವಂತಿಲ್ಲ.

ಸತ್ಯ: ಇದು ಸಿನಿಮಾ ಕಲಿಸಿದ ಕಾನೂನು. ತಡ ಮಾಡಿದರೆ ತನಿಖೆಗೆ ಬೇಕಾದ ವಸ್ತು ಕೈತಪ್ಪುತ್ತದೆ ಎನಿಸಿದರೆ, ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಶೋಧ ಮಾಡಬಹುದು. ಆದರೆ ಅದಕ್ಕೆ ಕಾರಣವನ್ನು ಬರೆದಿಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು, ಶೋಧದ ವಿಡಿಯೋ ಆಗಬೇಕು. ಊರಿನ ಇಬ್ಬರಾದರೂ ಪಂಚರ ಎದುರಿಗೇ ಶೋಧ ನಡೆಯಬೇಕು. ಮನೆಯವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಶೋಧ ಮುಗಿಯುವವರೆಗೂ ಜೊತೆಗಿರುವುದು ಅವರ ಹಕ್ಕು.

ತೆಗೆದುಕೊಂಡ ವಸ್ತುಗಳ ಪಟ್ಟಿಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡಲೇಬೇಕು. ಅಂಥ ದಿನ ಯಾರಿಗೂ ಬಾರದಿರಲಿ. ಬಂದರೆ ಆ ಪ್ರತಿಯನ್ನು ಮರೆಯದೆ ಕೇಳಿ ಪಡೆಯಿರಿ.