ಡಿಸ್ಕ್ ಬೆಂಡ್ ಆಗಿರಲಿಲ್ಲ!

ಮೆಕ್ಯಾನಿಕಲ್ ಬಿ.ಇ. ಮುಗಿಸಿ ಎಂಟು ತಿಂಗಳು ಊರಲ್ಲಿ ಕೂತಿದ್ದೆ. ಕ್ಯಾಂಪಸ್ಸಿಗೆ ಬಂದ ಕಂಪನಿಗಳೆಲ್ಲ ನಮ್ಮ ಬ್ರಾಂಚಿನವರನ್ನೂ ಕೋಡಿಂಗ್‌ಗೇ ಕರೆದವು. ನನಗೆ ಅದು ತಲೆಗೆ ಹತ್ತಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಗ್ಯಾರೇಜಿಗೆ ಸೇರಿಕೊಂಡೆ. ‘ಅಷ್ಟು ಓದಿಸಿದ್ದು ಗ್ರೀಸ್ ಮೆತ್ಕೊಳ್ಳೋಕಾ?’ ಅಂತ ಅಪ್ಪ ಕೇಳಿದ್ದು ಒಂದೇ ಸಲ. ಆಮೇಲೆ ಕೇಳಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಗ್ಯಾರೇಜಿನಲ್ಲಿ ನನ್ನ ಹೆಸರು ‘ಇಂಜಿನಿಯರ್ರು’. ಅರ್ಧ ಗೇಲಿ, ಅರ್ಧ ಮರ್ಯಾದೆ. ಗಿರಾಕಿಗಳಿಗೆ ಮಾತ್ರ ಪೂರ್ತಿ ಮರ್ಯಾದೆಯೇ. ಮೇಸ್ತ್ರಿ ಹೇಳಿದರೆ ನಂಬದವರು ನಾನು ಅದನ್ನೇ ಹೇಳಿದರೆ ತಲೆಯಾಡಿಸುತ್ತಿದ್ದರು. ಈ ಕಥೆಯಲ್ಲಿ ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಮ್ಮಲ್ಲಿಗೆ ಬರುವ ಸಾಫ್ಟ್‌ವೇರ್ ಅಣ್ಣ ಒಬ್ಬರಿಗೆ ಟ್ರ್ಯಾಕ್ ಹುಚ್ಚು. ವರ್ಷಕ್ಕೆ ನಾಲ್ಕೈದು ಸಲ ತಮ್ಮ ಪೋಲೊ ತೆಗೆದುಕೊಂಡು ಕೊಯಮತ್ತೂರಿನ ಹತ್ತಿರದ ಕಾರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ನಮ್ಮ ದೇಶದಲ್ಲೇ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ತಿರುವು ಬಿಟ್ಟರೆ ತಿರುವು. ಬ್ರೇಕಿಗೆ ಉಸಿರಾಡಲು ಬಿಡುವೇ ಇಲ್ಲ. ಟೈರಿನ ಗಾಳಿ ನೋಡಲು, ನಟ್ಟು ಬಿಗಿಯಲು ಜತೆಗೆ ನಾನೂ ಹೋಗುತ್ತಿದ್ದೆ.

ಮೊದಲ ಸಲ ವಾಪಸ್ ಬರುವಾಗಲೇ ತೊಂದರೆ ಗೊತ್ತಾಯಿತು. ಸೇಲಂ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಪೆಡಲ್ ಕಾಲನ್ನು ಒದೆಯುತ್ತಿತ್ತು. ಕಾಲು ತೆಗೆದರೆ ಎಲ್ಲ ಶಾಂತ. ‘ಡಿಸ್ಕ್ ಬೆಂಡ್ ಆಗಿದೆ, ಬಿಸಿಗೆ ಸೊಟ್ಟ ಆಗ್ತದೆ’ ಅಂದರು ಮೇಸ್ತ್ರಿ. ನಾಡಿನ ಯಾವ ಗ್ಯಾರೇಜಿಗೆ ಹೋದರೂ ಇದೇ ಉತ್ತರ ಸಿಗುತ್ತದೆ. ಡಿಸ್ಕ್‌ಗಳನ್ನು ಬಿಚ್ಚಿ ಪಕ್ಕದ ಬೀದಿಯ ಲೇತ್ ಅಂಗಡಿಗೆ ಒಯ್ದೆ.

ಲೇತ್ ನಡೆಸುವವರು ಒಬ್ಬ ಚಾಚಾ. ಅರವತ್ತು ದಾಟಿದ ವಯಸ್ಸು, ಕನ್ನಡಕಕ್ಕೆ ದಾರ. ಒಂದು ಪದರ ಸವರಿ ಕೊಡುವಾಗ, ‘ಬೇಟಾ, ಒಂದು ಕಡೆ ಟೂಲ್ ಹಾರ್ತಾ ಇದೆ. ಅಲ್ಲಿ ಗಟ್ಟಿ ಇದೆ, ನೋಡಿಕೊಳ್ಳಿ’ ಅಂದರು. ನಾನು ‘ಸರಿ ಚಾಚಾ’ ಅಂತ ಹಣ ಕೊಟ್ಟು ಬಂದೆ. ಆ ಮಾತನ್ನು ದಾರಿಯಲ್ಲೇ ಮರೆತೆ.

ಕಾರು ಚೆನ್ನಾಗಿ ಓಡಿತು. ಎರಡನೇ ಸಲ ಟ್ರ್ಯಾಕಿಗೆ ಹೋಗಿ ಬಂದೆವು, ಮತ್ತೆ ಅದೇ ನಡುಕ. ಅಣ್ಣ ನೇರವಾಗಿ ನನ್ನನ್ನೇ ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ, ‘ಲೇತ್ ಕೆಲಸ ಸರಿಯಾಗಿ ಆಗಿಲ್ಲ ಸಾರ್’ ಅಂದುಬಿಟ್ಟೆ. ಅಳತೆ ಮಾಡಿರಲಿಲ್ಲ. ಏನಾದರೂ ಹೇಳಬೇಕಿತ್ತು, ಹೇಳಿದೆ. ಮೇಸ್ತ್ರಿಗೂ ಅದೇ ಅನುಕೂಲವಾಯಿತು. ಅಂದಿನಿಂದ ಚಾಚಾ ಅಂಗಡಿಗೆ ನಮ್ಮ ಕೆಲಸ ಹೋಗುವುದು ನಿಂತಿತು. ಅಣ್ಣನ ದುಡ್ಡಲ್ಲಿ ಜೆ.ಸಿ. ರಸ್ತೆಯಿಂದ ಹೊಸ ಡಿಸ್ಕ್ ಜೋಡಿ ತಂದು ಹಾಕಿದೆವು.

ಮೂರನೇ ಸಲ ಟ್ರ್ಯಾಕಿನಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಆ ಹೊಸ ಡಿಸ್ಕ್‌ಗಳೂ ನಡುಗಿದವು.

ಹೊಸದು ಯಾಕೆ ಬೆಂಡ್ ಆಗುತ್ತದೆ? ಆ ರಾತ್ರಿ ರೂಮಿನಲ್ಲಿ ಓದಲು ಕೂತೆ. ಕ್ಯಾರೊಲ್ ಸ್ಮಿತ್ ಅಂತ ಒಬ್ಬ ಅಮೆರಿಕದ ರೇಸಿಂಗ್ ಇಂಜಿನಿಯರ್ ಇದ್ದರು. 1960ರ ದಶಕದಲ್ಲಿ ಲೆ ಮಾನ್ಸ್ ಗೆದ್ದ ಫೋರ್ಡ್ ಜಿಟಿ40 ತಂಡದಲ್ಲಿ ದುಡಿದವರು, ‘ಟ್ಯೂನ್ ಟು ವಿನ್’ ಪುಸ್ತಕ ಬರೆದವರು. ‘ಬೆಂಡ್ ಆದ ಡಿಸ್ಕ್’ ಅನ್ನುವುದೇ ಒಂದು ಮೂಢನಂಬಿಕೆ, ತಾನು ಪರೀಕ್ಷಿಸಿದ ಅಂಥ ಪ್ರತಿಯೊಂದು ಡಿಸ್ಕ್‌ನಲ್ಲೂ ಕಂಡದ್ದು ಮೇಲೆ ಏರುಪೇರಾಗಿ ಮೆತ್ತಿಕೊಂಡ ಪ್ಯಾಡಿನ ಪದರ ಅಂತ ಅವರು ಬರೆದಿದ್ದಾರೆ.

ವಿಷಯ ಇಷ್ಟು. ಬ್ರೇಕ್ ಪ್ಯಾಡ್ ಡಿಸ್ಕ್ ಅನ್ನು ಬರೀ ಉಜ್ಜುವುದಿಲ್ಲ, ಬಿಸಿಯಾದಾಗ ತನ್ನದೇ ತೆಳು ಪದರವನ್ನು ಡಿಸ್ಕ್ ಮೇಲೆ ಬಿಟ್ಟು ಹೋಗುತ್ತದೆ. ಆಮೇಲೆ ಪ್ಯಾಡ್ ಹಿಡಿಯುವುದು ಆ ಪದರವನ್ನೇ. ದೋಸೆ ಕಾವಲಿ ಪಳಗಿದ ಹಾಗೆ ಅಂದುಕೊಳ್ಳಿ. ಪದರ ಸಮವಾಗಿದ್ದರೆ ಬ್ರೇಕ್ ಸೊಗಸು. ಒಂದು ಕಡೆ ದಪ್ಪವಾದರೆ ಚಕ್ರ ಸುತ್ತಿದಷ್ಟು ಸಲವೂ ಪ್ಯಾಡ್ ಅಲ್ಲಿ ಎಡವುತ್ತದೆ. 80ರ ವೇಗದಲ್ಲಿ ನಮ್ಮ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಸ್ಟೀರಿಂಗಿನಲ್ಲಿ ಕೈಗೆ ಬರುತ್ತಿದ್ದ ನಡುಕ ಅದೇ.

ಮರುದಿನ ನಾಚಿಕೆ ಬಿಟ್ಟು ಚಾಚಾ ಅಂಗಡಿಗೆ ಹೋದೆ. ಡಯಲ್ ಗೇಜ್ ಬೇಕಿತ್ತು, ನಮ್ಮ ಗ್ಯಾರೇಜಿನಲ್ಲಿ ಇರಲಿಲ್ಲ. ಅವರು ಯಾಕೆ ಕೆಲಸ ಕಳಿಸುತ್ತಿಲ್ಲ ಅಂತ ಕೇಳಲೇ ಇಲ್ಲ. ಗೇಜ್ ಒರೆಸಿ ಕೈಗಿಡುತ್ತಾ, ‘ಮೊದಲೇ ಡಯಲ್ ಹಾಕಿರಲಿಲ್ವಾ?’ ಅಂದರು. ನಾನು ತಲೆ ತಗ್ಗಿಸಿದೆ.

ಡಿಸ್ಕ್ ಕಾರಿನಲ್ಲಿರುವಂತೆಯೇ ಮುಳ್ಳನ್ನು ಒತ್ತಿಸಿ ನಿಧಾನಕ್ಕೆ ತಿರುಗಿಸಿದೆ. ಪೂರ್ತಿ ಸುತ್ತಿಗೆ 0.03 ಮಿ.ಮೀ. ಓಲಾಟ. ಅದು ಯಾವ ಲೆಕ್ಕಕ್ಕೂ ಬೆಂಡ್ ಅಲ್ಲ. ಆಮೇಲೆ ಮೈಕ್ರೋಮೀಟರಿನಲ್ಲಿ ಎಂಟು ಕಡೆ ದಪ್ಪ ಅಳೆದೆ. ಏಳು ಕಡೆ 21.96, 21.97 ಬಂತು. ಎಂಟನೇ ಕಡೆ 21.99. ತಲೆಕೂದಲಿನ ಅರ್ಧ ದಪ್ಪವೂ ಇಲ್ಲ ಈ ವ್ಯತ್ಯಾಸ. ಆದರೆ ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಆ ಎಂಟನೇ ಜಾಗದಲ್ಲಿ ನೀಲಿಗಪ್ಪು ಬಣ್ಣದ ಒಂದು ಗುರುತು. ಅಂಚು, ಮೂಲೆ ಎಲ್ಲ ಸೇರಿ ಥೇಟ್ ಪ್ಯಾಡಿನ ಆಕಾರ. ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ!

ಓಡುತ್ತಿರುವ ಡಿಸ್ಕ್ ಮೇಲೆ ಅಂಥ ಮುದ್ರೆ ಬೀಳುವುದಿಲ್ಲ. ನಿಂತಿರಬೇಕು, ಬಿಸಿ ಇರಬೇಕು, ಬ್ರೇಕ್ ಒತ್ತಿರಬೇಕು. ಎಲ್ಲಿ ಹಾಗೆ ನಿಂತಿದ್ದೆವು ಅಂತ ಯೋಚಿಸಿದಾಗ ಹೊಟ್ಟೆಯೊಳಗೆ ಏನೋ ಕುಸಿಯಿತು. ಪ್ರತಿ ಸುತ್ತಾಟ ಮುಗಿಸಿ ಕಾರು ಪಿಟ್‌ಗೆ ಬಂದಾಗ ನಾನೇ ಮುಂದೆ ಓಡಿ ಹೋಗಿ, ಅಂಗೈ ತೋರಿಸಿ, ‘ಬ್ರೇಕ್ ಹಿಡ್ಕೊಳ್ಳಿ ಸಾರ್!’ ಅಂತ ಕೂಗುತ್ತಿದ್ದೆ. ಗಾಳಿ ನೋಡುವಾಗ ಕಾರು ಉರುಳಬಾರದಲ್ಲ!

ಕಾರಿನ ತೂಕ 1,100 ಕೆ.ಜಿ. ಅಂದುಕೊಂಡು ಲೆಕ್ಕ ಹಾಕಿದೆ. ವೇಗ 120ರಿಂದ 60ಕ್ಕೆ ಇಳಿಸಲು ಒಂದೇ ಸಲಕ್ಕೆ ಸುಮಾರು 460 ಕಿಲೋಜೌಲ್ ಶಾಖ. ಒಂದೂವರೆ ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುವಷ್ಟು. ಅದರಲ್ಲಿ ಬಹುಪಾಲು ಮುಂದಿನ ಎರಡು ಡಿಸ್ಕ್‌ಗಳಿಗೆ, ಅದೂ ಪ್ರತಿ ಸುತ್ತಿನಲ್ಲಿ ಹಲವು ಸಲ. ಅಷ್ಟು ಬೆಂದ ಡಿಸ್ಕ್ ಮೇಲೆ ಪ್ಯಾಡನ್ನು ಒತ್ತಿ ನಿಲ್ಲಿಸಿದ್ದು ನಾನು. ಚಾಚಾ ಹೇಳಿದ ‘ಗಟ್ಟಿ’ಯೂ ಈಗ ಅರ್ಥವಾಯಿತು. ಮುದ್ರೆ ಬಿದ್ದ ಜಾಗ ಉಳಿದ ಕಡೆಗಿಂತ ಹೆಚ್ಚು ಕಾಯುತ್ತದೆ. 650–700 ಡಿಗ್ರಿ ಮುಟ್ಟಿದರೆ ಅಲ್ಲಿನ ಎರಕದ ಕಬ್ಬಿಣವೇ ಸಿಮೆಂಟೈಟ್ ಆಗಿ ಗಟ್ಟಿಯಾಗುತ್ತದೆ. ಕಬ್ಬಿಣ ಮತ್ತು ಇಂಗಾಲದ ಆ ಚಿತ್ರವನ್ನು ಮೂರನೇ ಸೆಮಿಸ್ಟರಿನಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ. ಹಾಗಾದ ಮೇಲೆ ಮೇಲ್ಮೇಲೆ ಸವರಿದರೂ ನಡುಕ ಮತ್ತೆ ಬರುತ್ತದೆ, ಡಿಸ್ಕ್ ಬದಲಿಸುವುದೇ ದಾರಿ. ಹೊಸ ಜೋಡಿ ಇನ್ನೂ ಅಲ್ಲಿಗೆ ಹೋಗಿಲ್ಲ ಅಂತ ನಂಬಿ ಕೆಲಸ ಶುರು ಮಾಡಿದೆ.

ಮರಗೆಲಸದವರು ಬಳಸುವ ಗಾರ್ನೆಟ್ ಕಾಗದ ಹುಡುಕಿ ತಂದು ಡಿಸ್ಕ್‌ನ ಎರಡೂ ಮುಖ ಉಜ್ಜಿದೆ. ಗಾಜಿನ ಮೇಲೆ ಕಾಗದ ಹಾಸಿ ಪ್ಯಾಡ್‌ಗಳ ಹೊಳಪು ತೆಗೆದೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿದೆ. ಇಷ್ಟು ಸುಲಭ. ಪದರವನ್ನು ಮತ್ತೆ ಸಮವಾಗಿ ಕೂರಿಸುವುದು ಮುಖ್ಯ ಕೆಲಸ. ಅದನ್ನು ರಸ್ತೆಯಲ್ಲಿ ಮಾಡುವ ಧೈರ್ಯ ಬರಲಿಲ್ಲ, ಹಿಂದೆ ಬರುವವರಿಗೆ ನಾವು ಯಾಕೆ ಪದೇ ಪದೇ ಬ್ರೇಕ್ ಹಾಕುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲವಲ್ಲ. ನಾಲ್ಕನೇ ಸಲ ಕೊಯಮತ್ತೂರಿಗೆ ಹೋದಾಗ ಮೊದಲ ಸುತ್ತಾಟವನ್ನು ಇದಕ್ಕೇ ಕೇಳಿಕೊಂಡೆ.

ಹೊರಡುವ ಮುಂಚೆ ಅಣ್ಣನಿಗೆ ಹೇಳಲೇಬೇಕಿತ್ತು. ‘ಸಾರ್, ಲೇತ್ ಕೆಲಸ ಸರಿಯಾಗೇ ಇತ್ತು. ಪಿಟ್‌ನಲ್ಲಿ ಬ್ರೇಕ್ ಹಿಡಿಸಿದ್ದು ನಾನು.’ ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದವರು ನಿಲ್ಲಿಸಿ ನನ್ನನ್ನೇ ನೋಡಿದರು. ‘ಹಾಗಾದ್ರೆ ಡಿಸ್ಕ್ ದುಡ್ಡು?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ‘ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ಕೊಡ್ತೀನಿ’ ಅಂದೆ. ‘ಮೊದಲು ನಡುಕ ಹೋಗಲಿ’ ಅಂತ ಗಾಜು ಏರಿಸಿದರು.

ಎರಡು ಸುತ್ತು ಮೆಲ್ಲಗೆ, ಬಿಸಿ ಮಾಡಲು. ಆಮೇಲೆ 100ರಿಂದ 20ರವರೆಗೆ ಬಲವಾಗಿ ಬ್ರೇಕ್, ಪೂರ್ತಿ ನಿಲ್ಲುವ ಮೊದಲೇ ಬಿಟ್ಟು ಮತ್ತೆ ವೇಗ. ಹೀಗೆ ಎಂಟು ಸಲ. ಗೋಡೆಯ ಹತ್ತಿರ ನಿಂತ ನನಗೂ ಸುಟ್ಟ ಪ್ಯಾಡಿನ ವಾಸನೆ ಬಂತು. ಕೊನೆಗೆ ಎರಡು ಸುತ್ತು ಬ್ರೇಕ್ ಮುಟ್ಟದೆ, ಗಾಳಿಗೆ ತಣಿಯಲು. ಕಾರು ಪಿಟ್‌ಗೆ ಬಂದಾಗ ನಾನು ಅಂಗೈ ತೋರಿಸಲಿಲ್ಲ. ಗೇರಿನಲ್ಲೇ ನಿಂತಿತು, ಹ್ಯಾಂಡ್‌ಬ್ರೇಕೂ ಇಲ್ಲ. ಗಾಲಿಗೆ ಮರದ ತುಂಡು ಕೊಟ್ಟೆ.

ಸಂಜೆಯವರೆಗೆ ನಾಲ್ಕು ಸಲ ಹೋಗಿ ಬಂದರು. ನಡುಕ ಪೂರ್ತಿ ಮಾಯವಾಯಿತು ಅಂದರೆ ಸುಳ್ಳಾಗುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಬಲಗಡೆ ಇನ್ನೂ ಒಂಚೂರು ಗುರುಗುಡುತ್ತದೆ. ಎಡಗಡೆ ಬೆಣ್ಣೆ. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಅಣ್ಣ ಸ್ಟೀರಿಂಗ್ ಮೇಲೆ ಎರಡು ಬೆರಳಿಟ್ಟು ಬ್ರೇಕ್ ಒತ್ತಿ ತೋರಿಸಿದರು. ಡಿಸ್ಕ್ ದುಡ್ಡಿನಲ್ಲಿ ಅರ್ಧ ಬಿಟ್ಟರು. ಉಳಿದರ್ಧವನ್ನು ಎರಡು ಕಂತಿನಲ್ಲಿ ಕೊಟ್ಟೆ, ಇನ್ನೊಂದು ಬಾಕಿಯಿದೆ. ಮೇಸ್ತ್ರಿ ಮಾತ್ರ ಇನ್ನೂ ಸಿಟ್ಟಾಗಿದ್ದಾರೆ. ‘ಗಿರಾಕಿ ಮುಂದೆ ಯಾರಾದ್ರೂ ಹಂಗೆ ಒಪ್ಕೋತಾರೇನ್ಲಾ?’

ಗುಜರಿಗೆ ಹಾಕಲು ಇಟ್ಟಿದ್ದ ಹಳೆ ಡಿಸ್ಕ್‌ಗಳಲ್ಲಿ ಒಂದನ್ನು ತೆಗೆದುಕೊಂಡು, ಡಯಲ್ ಗೇಜ್ ವಾಪಸ್ ಕೊಡಲು ಚಾಚಾ ಅಂಗಡಿಗೆ ಹೋದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಅಣ್ಣನ ಹತ್ತಿರ ಅವರ ಬಗ್ಗೆ ಆಡಿದ ಮಾತನ್ನೂ ಸೇರಿಸಿ. ಅವರು ಏನೂ ಅನ್ನದೆ ಡಿಸ್ಕನ್ನು ಚಕ್‌ಗೆ ಕಟ್ಟಿದರು, ಮೋಟಾರು ಹಾಕಿದರು, ಟೂಲ್ ಅನ್ನು ಕೂದಲೆಳೆಯಷ್ಟು ಒಳಗೆ ಬಿಟ್ಟರು. ಸರ್ರೆಂದು ಕೊರೆಯುತ್ತಿದ್ದ ಸದ್ದಿನ ನಡುವೆ ಸುತ್ತಿಗೊಮ್ಮೆ ‘ಟಿಕ್’ ಅಂತ ಬರುತ್ತಿತ್ತು.

‘ಕೇಳಿಸ್ತಾ ಬೇಟಾ?’ ಅಂದರು.