ಯುವಜನರ ಶಿಲಾರೋಹಣ ಕಾರ್ಯಕ್ರಮಗಳು: ಸುರಕ್ಷತೆ, ಬೋಧಕರ ಅರ್ಹತೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗ ಮತ್ತು ಹುಲುಕುಡಿ ಬೆಟ್ಟ, ನೆಲಮಂಗಲ ತಾಲ್ಲೂಕಿನ ಶಿವಗಂಗೆ ಮತ್ತು ನಿಜಗಲ್, ದೇವನಹಳ್ಳಿ ತಾಲ್ಲೂಕಿನ ಆವತಿ ಬೆಟ್ಟ ಮೊದಲಾದ ಕಲ್ಲುಬೆಟ್ಟಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯುವಜನರನ್ನು ಸಹಜವಾಗಿಯೇ ಸೆಳೆಯುತ್ತವೆ. ಶಾಲಾ ಕಾಲೇಜುಗಳು, ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು, ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳು ಹಾಗೂ ಯುವಕ, ಯುವತಿ ಮಂಡಳಿಗಳು ಸಾಹಸ ಶಿಬಿರಗಳನ್ನು ನಡೆಸಲು ಬಯಸುವುದು ಸ್ವಾಗತಾರ್ಹ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆದ ಈ ಕ್ರೀಡೆಯು ಧೈರ್ಯದೊಂದಿಗೆ ಏಕಾಗ್ರತೆಯನ್ನೂ ಪರಸ್ಪರ ನಂಬಿಕೆಯನ್ನೂ ಬೆಳೆಸುತ್ತದೆ. ಆದರೆ ಸಿದ್ಧತೆಯಿಲ್ಲದೆ ಬಂಡೆ ಏರಿದರೆ ಆಗುವುದೇನೆಂಬುದನ್ನು ಜಿಲ್ಲೆಯ ಗಡಿಯಲ್ಲಿಯೇ ಕಾಣಲಾಗಿದೆ. 2022ರ ಫೆಬ್ರವರಿ 20ರಂದು ನೆರೆಯ ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಯಿಂದ ಕಾಲೇಜು ವಿದ್ಯಾರ್ಥಿಯೊಬ್ಬನು ಸುಮಾರು 300 ಅಡಿ ಕೆಳಕ್ಕೆ ಜಾರಿ ಕಲ್ಲಿನ ಅಂಚಿನಲ್ಲಿ ಸಿಲುಕಿದನು. ಅವನನ್ನು ಮೇಲೆತ್ತಲು ಯಲಹಂಕ ವಾಯುನೆಲೆಯಿಂದ ಎಂಐ-17 ಹೆಲಿಕಾಪ್ಟರ್ ಬರಬೇಕಾಯಿತು.

ಅಂದು ಜೀವ ಉಳಿಯಿತು. ಆದರೆ ಹೆಲಿಕಾಪ್ಟರನ್ನು ನಂಬಿ ಯಾವ ಶಿಬಿರವನ್ನೂ ಯೋಜಿಸಲಾಗದು. ಶಿಲಾರೋಹಣದ ಸುರಕ್ಷತೆಯು ಏರುವವರ ಧೈರ್ಯವನ್ನಾಗಲಿ ಸಾಧನಗಳ ಬೆಲೆಯನ್ನಾಗಲಿ ಅವಲಂಬಿಸಿರುವುದಿಲ್ಲ. ಸ್ಥಳದಲ್ಲಿರುವ ಬೋಧಕರ ಅರ್ಹತೆಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ತಮ್ಮ ವ್ಯಾಪ್ತಿಯಲ್ಲಿ ಕಾರ್ಯಕ್ರಮ ನಡೆಯುವ ಮುನ್ನ ಸದಸ್ಯರು ಏನನ್ನು ಕೇಳಿ ತಿಳಿಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಭಾಗದ ಬಂಡೆಗಳ ಸ್ವಭಾವ

ಜಿಲ್ಲೆಯ ಬೆಟ್ಟಗಳು ಬಹುತೇಕ ನೈಸ್ ಮತ್ತು ಗ್ರಾನೈಟ್ ಜಾತಿಯ ಕಲ್ಲಿನವು. ಬಾದಾಮಿಯ ಮರಳುಗಲ್ಲಿನಲ್ಲಿ ಬೆರಳು ಊರಲು ಪದರ, ಅಂಚುಗಳು ಹೇರಳವಾಗಿ ಸಿಗುತ್ತವೆ. ಇಲ್ಲಿನ ಇಳಿಜಾರು ಬಂಡೆಗಳಲ್ಲಿಯಾದರೋ ಪಾದರಕ್ಷೆಯ ತಳ ಮತ್ತು ಕಲ್ಲಿನ ನಡುವಿನ ಘರ್ಷಣೆಯೇ ಮುಖ್ಯ ಆಧಾರ. ಅಪಾಯವೂ ಇದರಲ್ಲಿಯೇ ಅಡಗಿದೆ. ಏರುವಾಗ ಮುಂದಿನ ಹೆಜ್ಜೆ ಕಣ್ಣಿಗೆ ಕಾಣುತ್ತದೆ, ಇಳಿಯುವಾಗ ಕಾಣುವುದಿಲ್ಲ. ಸುಲಭವಾಗಿ ಏರಿದವರು ಇಳಿಯಲಾಗದೆ ನಡುವೆ ಸಿಲುಕುವುದು ಇದೇ ಕಾರಣದಿಂದ.

ಬಿಸಿಲು ಮತ್ತು ತಂಪಿನ ಹೊಡೆತಕ್ಕೆ ಬಂಡೆಯ ಮೇಲ್ಪದರವು ಹಪ್ಪಳದಂತೆ ಎದ್ದು ಕಳಚುತ್ತದೆ. ನೋಡಲು ಗಟ್ಟಿಯಾಗಿರುವ ಇಂತಹ ಚಕ್ಕೆಗೆ ಹಗ್ಗ ಕಟ್ಟುವುದು ಮಾರಕ. ಮಳೆಗಾಲದಲ್ಲಿ ಪಾಚಿ ಮತ್ತು ಕಲ್ಲುಹೂವು ಒದ್ದೆಯಾಗಿ ಜಾರುತ್ತವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಭಯವಿರುತ್ತದೆ. ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನು ಕಟ್ಟಿರುವುದು ಸಾಮಾನ್ಯ. ಹಗ್ಗಕ್ಕೆ ನೇತಾಡುತ್ತಿರುವವರು ಜೇನಿನ ದಾಳಿಯಿಂದ ಓಡಿ ತಪ್ಪಿಸಿಕೊಳ್ಳಲಾರರು. ಗೂಡು ಕಂಡ ಬಂಡೆಯನ್ನು ಬಿಟ್ಟು ಬೇರೆ ಬಂಡೆಯನ್ನು ಆರಿಸುವುದೊಂದೇ ದಾರಿ.

ಆರಂಭಿಕರಿಗೆ ತಕ್ಕ ವಿಧಾನ

ಮೊದಲ ಬಾರಿಗೆ ಏರುವವರಿಗೆ ಮೇಲಿನಿಂದ ಹಗ್ಗ ಬಿಟ್ಟು ಏರಿಸುವ ಟಾಪ್ ರೋಪ್ ವಿಧಾನ ಮಾತ್ರ ತಕ್ಕುದು. ಬಂಡೆಯ ನೆತ್ತಿಯಲ್ಲಿರುವ ಆಧಾರದ ಮೂಲಕ ಹಾದುಬರುವ ಹಗ್ಗದ ಒಂದು ತುದಿ ಏರುವವರ ಹಾರ್ನೆಸ್‌ಗೆ ಕಟ್ಟಿರುತ್ತದೆ. ಇನ್ನೊಂದು ಕಡೆಯನ್ನು ಕೆಳಗೆ ನಿಂತವರು ಬಿಗಿಹಿಡಿದಿರುತ್ತಾರೆ. ಹೀಗೆ ಹಗ್ಗ ಹಿಡಿದು ಕಾಯುವುದಕ್ಕೆ ಬಿಲೇ ಎನ್ನುತ್ತಾರೆ. ಹಗ್ಗ ಸಡಿಲವಿಲ್ಲದಿದ್ದರೆ ಕಾಲು ಜಾರಿದವರು ಅಲ್ಲಿಯೇ ನಿಲ್ಲುತ್ತಾರೆ. ಹಗ್ಗವನ್ನು ಕೆಳಗಿನಿಂದ ಒಯ್ಯುತ್ತಾ ಏರುವ ಲೀಡ್ ವಿಧಾನದಲ್ಲಿ ಕಡೆಯ ಆಧಾರದಿಂದ ಮೇಲೇರಿದ ದೂರದ ಕನಿಷ್ಠ ಎರಡರಷ್ಟು ಕೆಳಕ್ಕೆ ಬೀಳಬೇಕಾಗುತ್ತದೆ. ಅದು ಯುವ ಶಿಬಿರಕ್ಕೆ ಸಲ್ಲದು.

ನೆತ್ತಿಯ ಆಧಾರವು ಪರಸ್ಪರ ಅವಲಂಬಿಸದ ಕನಿಷ್ಠ ಎರಡು ಬಿಂದುಗಳಿಂದ ಕೂಡಿರಬೇಕು. ಒಂದು ಸೋತರೂ ಇನ್ನೊಂದು ತಡೆಯಬೇಕು. ಎರಡು ಬಿಂದುಗಳ ಕಟ್ಟುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿಯೊಂದರ ಮೇಲೂ ಭಾರದ ಸುಮಾರು ಶೇ. 58ರಷ್ಟು ಬೀಳುತ್ತದೆ. ಕೋನ 120 ಡಿಗ್ರಿಯಾದರೆ ಪ್ರತಿಯೊಂದರ ಮೇಲೂ ಪೂರ್ಣ ಭಾರವೇ ಬೀಳುತ್ತದೆ. ಎರಡು ಬಿಂದುಗಳಿದ್ದೂ ಭಾರ ಹಂಚಿಹೋಗುವುದಿಲ್ಲ. ಕ್ಯಾರಬೀನರ್ ಎಂಬ ಲೋಹದ ಕೊಂಡಿಯು ಬಾಗಿಲು ಮುಚ್ಚಿದಾಗ 20 ಕಿಲೋನ್ಯೂಟನ್, ಅಂದರೆ ಸುಮಾರು 2 ಟನ್ ಭಾರವನ್ನು ತಡೆಯುವಂತೆ ತಯಾರಾಗಿರುತ್ತದೆ. ಬಾಗಿಲು ತೆರೆದಿದ್ದರೆ ಅದರ ಬಲ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮುಖ್ಯ ಸ್ಥಾನಗಳಲ್ಲಿ ತಿರುಪಿನ ಬೀಗವುಳ್ಳ ಕ್ಯಾರಬೀನರ್‌ಗಳನ್ನೇ ಬಳಸಬೇಕು.

ಬಾವಿಯ ಹಗ್ಗ, ಟ್ರ್ಯಾಕ್ಟರಿಗೆ ಕಟ್ಟುವ ನೈಲಾನ್ ಹಗ್ಗಗಳನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಯುಐಎಎ ಅಥವಾ ಸಿಇ ಗುರುತುಳ್ಳ, ಬೀಳುವಾಗಿನ ಜಗ್ಗನ್ನು ಹೀರಿಕೊಳ್ಳುವ ಶಿಲಾರೋಹಣದ ಹಗ್ಗವೇ ಆಗಬೇಕು. ಹಗ್ಗ, ಹಾರ್ನೆಸ್‌ಗಳು ಬಟ್ಟೆಯಂತೆ ಸವೆಯುತ್ತವೆ. ಅವುಗಳ ಖರೀದಿ, ಬಳಕೆ ಮತ್ತು ತಪಾಸಣೆಯ ದಿನಾಂಕಗಳಿರುವ ಪುಸ್ತಕ ಇಲ್ಲದ ತಂಡವು ತನ್ನ ಹಗ್ಗದ ವಯಸ್ಸನ್ನು ತಾನೇ ಅರಿಯದು.

ಬೋಧಕರ ಅರ್ಹತೆ

ಚೆನ್ನಾಗಿ ಏರುವವರೆಲ್ಲರೂ ಬೋಧಕರಲ್ಲ. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರಿ ಹೆಸರಾದ ಜ್ಯೋತಿರಾಜ್ ಅವರ ಕೌಶಲ ಅವರದೇ. ಅದನ್ನು ನೋಡಿ ಅನುಕರಿಸುವ ಹುಡುಗರನ್ನು ಕಾಯುವುದು ಬೇರೆಯೇ ವಿದ್ಯೆ. ಬೋಧಕರಾದವರು ಆಧಾರವನ್ನು ಕಟ್ಟಬಲ್ಲವರೂ, ಗಂಟುಗಳನ್ನು ಪರೀಕ್ಷಿಸಬಲ್ಲವರೂ, ನಡುಬಂಡೆಯಲ್ಲಿ ಹೆದರಿ ನಿಂತವರನ್ನು ಇಳಿಸಬಲ್ಲವರೂ, ಪ್ರಥಮ ಚಿಕಿತ್ಸೆ ಬಲ್ಲವರೂ ಆಗಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಮಳೆ ಹನಿದಾಗ ‘ಇಂದು ಬೇಡ’ ಎಂದು ಹೇಳುವ ಅಧಿಕಾರವೂ ಮನೋಬಲವೂ ಅವರಿಗಿರಬೇಕು.

ಇದಕ್ಕೆ ಕ್ರಮಬದ್ಧ ತರಬೇತಿಯ ಮಾರ್ಗವಿದೆ. ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣ ಮೊದಲಾದ ಸಾಹಸ ಕ್ರೀಡೆಗಳಲ್ಲಿ ತರಬೇತಿ ನೀಡುತ್ತದೆ. ರಾಷ್ಟ್ರಮಟ್ಟದಲ್ಲಿ 1954ರಲ್ಲಿ ಸ್ಥಾಪಿತವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಮತ್ತು 1965ರಲ್ಲಿ ಸ್ಥಾಪಿತವಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಪ್ರಮುಖವಾದವು. ಅಲ್ಲಿ ಸುಮಾರು 28 ದಿನಗಳ ಮೂಲ ಶಿಕ್ಷಣ, ಅಷ್ಟೇ ಅವಧಿಯ ಉನ್ನತ ಶಿಕ್ಷಣ, ಬಳಿಕ ಬೋಧನಾ ವಿಧಾನದ ಶಿಕ್ಷಣ ಎಂಬ ಮೂರು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿನಲ್ಲಿ ‘ಎ’ ಶ್ರೇಣಿ ಪಡೆದವರು ಮಾತ್ರ ಮೇಲಿನದಕ್ಕೆ ಅರ್ಹರು. ಮೂಲ ಶಿಕ್ಷಣದ ಪ್ರಮಾಣಪತ್ರವೊಂದೇ ಬೋಧಕರ ಅರ್ಹತೆಯಾಗುವುದಿಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು. ಹಿಮಪರ್ವತದಲ್ಲಿ ಕಲಿತವರೂ ಇಲ್ಲಿನ ಇಳಿಜಾರು ಬಂಡೆಗಳಲ್ಲಿ ಅನುಭವಿಗಳ ಜೊತೆ ಪಳಗಿರಬೇಕು.

ಅನುಮತಿಯ ವಿಷಯ

ಬೆಟ್ಟವು ಯಾರ ಅಧೀನದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅರಣ್ಯವಾದರೆ ಅರಣ್ಯ ಇಲಾಖೆಯ, ಸರ್ಕಾರಿ ಭೂಮಿಯಾದರೆ ತಹಶೀಲ್ದಾರರ, ದೇವಾಲಯದ ಆವರಣವಾದರೆ ಮುಜರಾಯಿ ಇಲಾಖೆಯ ಅನುಮತಿ ಅವಶ್ಯ. ಪಂಚಾಯಿತಿಯ ನಿರಾಕ್ಷೇಪಣೆಯು ಇವುಗಳಿಗೆ ಬದಲಿಯಾಗದು. ಶಿವಗಂಗೆಯಂತಹ ಪುಣ್ಯಸ್ಥಳಗಳಲ್ಲಿ ಬಂಡೆಗೆ ಮೊಳೆ, ಬೋಲ್ಟು ಹೊಡೆಯಲು ಅವಕಾಶವೀಯಬಾರದು. ಬಂಡೆಗಳು ಹಕ್ಕಿಗಳ ಮನೆಯೂ ಹೌದು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ಅಲ್ಲಿನ ಬಂಡೆಗಳಲ್ಲಿ ಅವು ಗೂಡು ಕಟ್ಟುವುದರಿಂದಲೇ. ಕೈಬಿಟ್ಟ ಕಲ್ಲುಗಣಿಗಳಲ್ಲಿ ಸಿಡಿಮದ್ದಿನಿಂದ ಕಲ್ಲು ಬಿರುಕುಬಿಟ್ಟಿರುವುದರಿಂದ ಅಲ್ಲಿ ಶಿಬಿರಗಳಿಗೆ ಒಪ್ಪತಕ್ಕದ್ದಲ್ಲ.

ಪಂಚಾಯಿತಿಯು ಕೇಳಬೇಕಾದ ಪ್ರಶ್ನೆಗಳು

1. ಪ್ರಧಾನ ಬೋಧಕರು ಯಾರು? ಅವರು ಬೋಧನಾ ತರಬೇತಿ ಪಡೆದ ಪ್ರಮಾಣಪತ್ರ ಮತ್ತು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರದ ಪ್ರತಿ ಒದಗಿಸಿದ್ದಾರೆಯೇ?

2. ಹಗ್ಗಗಳೆಷ್ಟು, ಭಾಗವಹಿಸುವವರೆಷ್ಟು? ಒಬ್ಬರ ಸರದಿಗೆ 20 ನಿಮಿಷವೆಂದರೂ ಒಂದು ಹಗ್ಗದಲ್ಲಿ 4 ಗಂಟೆಗೆ 12 ಸರದಿ. 3 ಹಗ್ಗಗಳಿದ್ದರೆ 36 ಸರದಿ. ತಲಾ ಎರಡು ಸರದಿಯಂತೆ 18 ಮಂದಿ. ಅಷ್ಟೇ ಹಗ್ಗಗಳಲ್ಲಿ ಒಂದೇ ದಿನ ನೂರು ಮಂದಿಯನ್ನು ಏರಿಸುತ್ತೇವೆಂಬ ಪ್ರಸ್ತಾವವು ಅವಸರದ ಪ್ರಸ್ತಾವ.

3. ಪ್ರತಿ ಹಗ್ಗದ ಬಳಿ ಒಬ್ಬ ಬೋಧಕರು ಇರುವರೇ? ಪ್ರತಿ ಸರದಿಗೂ ಮುನ್ನ ಗಂಟು, ಹಾರ್ನೆಸ್, ಕ್ಯಾರಬೀನರ್‌ನ ಬೀಗಗಳನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸುವರೇ?

4. ಬಂಡೆಯ ಕೆಳಗೆ ನಿಲ್ಲುವವರೂ ಸೇರಿ ಎಲ್ಲರಿಗೂ ಹೆಲ್ಮೆಟ್ ಇದೆಯೇ?

5. 18 ವರ್ಷ ತುಂಬದವರಿಗೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಲಾಗಿದೆಯೇ? ಯುವತಿಯರಿರುವ ತಂಡದಲ್ಲಿ ಮಹಿಳಾ ಬೋಧಕರಿರುವರೇ?

6. ಗಾಯಾಳುವನ್ನು ರಸ್ತೆಗೆ ಹೊತ್ತು ತರುವ ದಾರಿ ಯಾವುದು? ಸ್ಟ್ರೆಚರ್ ಇದೆಯೇ? ಸ್ಥಳದಲ್ಲಿ ಮೊಬೈಲ್ ಸಂಕೇತ ದೊರೆಯದಿದ್ದರೆ 108 ಅಥವಾ 112ಕ್ಕೆ ಕರೆ ಮಾಡುವವರು ಎಲ್ಲಿ ನಿಲ್ಲುವರು? ಸಮೀಪದ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ಮುಂಚಿತವಾಗಿ ತಿಳಿಸಲಾಗಿದೆಯೇ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯು ಶಿಲಾರೋಹಣವನ್ನೂ ಒಳಗೊಂಡಿದೆ. ಸಂಘಟಕರು ಅದನ್ನು ಪಾಲಿಸುವುದಾಗಿ ಲಿಖಿತವಾಗಿ ತಿಳಿಸುವಂತೆ ಕೇಳುವುದು ಸೂಕ್ತ.

ಸ್ಥಳೀಯ ಬೋಧಕರನ್ನು ಬೆಳೆಸುವುದು

ಬೆಟ್ಟದ ತಪ್ಪಲಿನ ಯುವಜನರಿಗೆ ಜೇನಿನ ಕಾಲ, ಮಳೆಯ ದಿಕ್ಕು, ಇಳಿಯುವ ದಾರಿ ಮೊದಲೇ ಗೊತ್ತಿರುತ್ತದೆ. ಅವರಿಗೆ ಇಲ್ಲದಿರುವುದು ಶಾಸ್ತ್ರೀಯ ತರಬೇತಿ ಮಾತ್ರ. ಆಸಕ್ತ ಯುವಕ, ಯುವತಿಯರನ್ನು ಗುರುತಿಸಿ, ಅವರ ಹೆಸರುಗಳನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಶಿಫಾರಸು ಮಾಡುವುದು ಪಂಚಾಯಿತಿಗೆ ಸಾಧ್ಯವಿರುವ ಕಾರ್ಯ. ಮೂಲ ತರಬೇತಿ, ಅನುಭವಿಗಳ ಕೈಕೆಳಗೆ ಸಹಾಯಕರಾಗಿ ಕೆಲಸ, ಬಳಿಕ ಬೋಧಕರ ತರಬೇತಿ ಎಂಬ ಕ್ರಮಕ್ಕೆ ಕೆಲವು ವರ್ಷಗಳು ಬೇಕಾಗುತ್ತವೆ, ಇದರಲ್ಲಿ ಅಡ್ಡದಾರಿಯಿಲ್ಲ. ಹೀಗೆ ಸಿದ್ಧರಾದವರು ಶಿಬಿರಗಳನ್ನು ನಡೆಸುವುದರ ಜೊತೆಗೆ, ವಾರಾಂತ್ಯದಲ್ಲಿ ದಾರಿ ತಪ್ಪಿದ ಚಾರಣಿಗರ ನೆರವಿಗೆ ಮೊದಲು ಧಾವಿಸುವವರೂ ಆಗುತ್ತಾರೆ.

ಕಾರ್ಯಕ್ರಮದ ಕೋರಿಕೆ ಬಂದಾಗ ಮೇಲಿನ ಆರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಕಡತದಲ್ಲಿರಿಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಚರ್ಚಿಸಿದ ಬಳಿಕವೇ ತೀರ್ಮಾನ ಕೈಗೊಳ್ಳುವುದು ಉಚಿತ. ಉತ್ತರ ಅಪೂರ್ಣವಾಗಿದ್ದರೆ ಕಾರ್ಯಕ್ರಮವನ್ನು ಮುಂದೂಡುವಂತೆ ಸೂಚಿಸಬಹುದು. ದಿನಾಂಕವನ್ನು ಮತ್ತೆ ಗೊತ್ತುಪಡಿಸಬಹುದು. ಹೋದ ಜೀವವನ್ನು ಮರಳಿ ತರಲಾಗದು.